ಸೀಗೀ ಹುಣ್ಣಿವೆಯ ಪಚಡಿಯೂ ಕಬ್ಬಿನ ರವದಿಯೂ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳ ಒಕ್ಕಲಿಗರು ಸೀಗೀ ಹುಣ್ಣಿವೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಪೂಜೆ ಸಲ್ಲಿಸಿ, ಚರಗ ಚೆಲ್ಲಿ, ಮನೆಮಂದಿ, ಬೀಗರು, ಆಳುಮಕ್ಕಳು ಎಲ್ಲರೂ ಕೂಡಿ ಊಟಮಾಡುವ ಪದ್ಧತಿಯು ಬಹುಕಾಲದಿಂದ ನಡೆದುಬಂದದ್ದು. ಆ ಬುತ್ತಿಯಲ್ಲಿ ಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಮೊಸರು ಇವುಗಳ ಸಂಗಡ ಹಸಿಯ ಪದಾರ್ಥಗಳದೂ ಒಂದು ದೊಡ್ಡ ಪಾಲು ಇರತಕ್ಕದ್ದು. ಮೆಂತ್ಯೆಯ ಎಳೆಯ ಪಲ್ಯ, ಮೂಲಂಗಿ, ಸವತೆಕಾಯಿ, ಉಳ್ಳಾಗಡ್ಡಿಯ ತಪ್ಪಲು. ಮುಂದೆ ಚಳಿ ಬಿದ್ದ ಮೇಲೆ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಗಜ್ಜರಿ ಹಾಗೂ ಎರೆಹೊಲದಲ್ಲಿ ತಾನಾಗಿಯೇ ಹುಟ್ಟುವ ಹಕ್ಕರಕಿ. ಇವನ್ನು ಹೆಚ್ಚಿ ಉಪ್ಪು, ಹಿಂಡಿ, ಮೊಸರು ಕಲಸಿದರೆ ಪಚಡಿಯಾಗುವದು. ಹೆಚ್ಚದೆ ಕೈಯಲ್ಲಿ ಹಿಡಿದು ಕಡಿದರೂ ರೊಟ್ಟಿಗೆ ನಡೆಯುವದು.

ಈಚೆಗೆ ಆ ಬುತ್ತಿಯ ಹಸಿಯ ಪಾಲು ಹೊಲದಿಂದ ಬರುವದು ನಿಂತು ಸಂತೆಯಿಂದ ಬರಹತ್ತಿದೆ. ಇದು ಸಣ್ಣ ಸಂಗತಿಯೆಂದು ಕೆಲವರಿಗೆ ತೋರಬಹುದು. ಆದರೆ ಹತ್ತಾರು ಎಕರೆ ಕಬ್ಬಿನ ಒಡೆಯನ ಮನೆಯವರು ಹಬ್ಬದ ಮುನ್ನಾದಿನ ಸಂತೆಯಲ್ಲಿ ನಿಂತು ಮೆಂತ್ಯೆಯ ಸಿವುಡಿಗೆ ಚೌಕಾಶಿ ಮಾಡುವದನ್ನು ಕಂಡವರಿಗೆ, ಒಕ್ಕಲುತನದಲ್ಲಿ ಏನೋ ಒಂದು ತಪ್ಪಿದೆಯೆಂದು ಅನಿಸದೆ ಇರದು. ಚರಗವನ್ನು ಚೆಲ್ಲುವದು ತನ್ನ ಭೂಮಿ ಕೊಟ್ಟದ್ದರಲ್ಲಿ ಭೂಮಿಗೇ ಒಂದು ಪಾಲು ಎಂದು. ಕೊಂಡುತಂದ ಪಲ್ಯವನ್ನು ಕಬ್ಬಿನ ಸಾಲಿನಲ್ಲಿ ಚೆಲ್ಲಿಬಂದರೆ ಆ ಲೆಕ್ಕವು ಹೇಗೆ ಕೂಡುವದೋ ಹಿರಿಯರೇ ಹೇಳಬೇಕು.

ಇದಕ್ಕೆ ಕಾರಣವು ಗುಪ್ತವಾದದ್ದಲ್ಲ. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಜಮಖಂಡಿ ಮುಧೋಳ ಸಂಸ್ಥಾನಗಳ ಕಾಲಕ್ಕೆ ಈ ಸೀಮೆಯ ಬಹುಭಾಗವು ಮಳೆಯನ್ನೇ ನಂಬಿದ ಜೋಳದ ಎರೆ. ಹಿಂಗಾರಿಯ ಜೋಳದ ನಡುವೆ ಕುಸುಬೆ, ಕಡಲೆ, ಅಗಸೆ ಅಕ್ಕಡಿಯಾಗಿ ಬರುತ್ತಿದ್ದವು. ಬದುವಿನ ಮಗ್ಗುಲಿಗೆ ಸವತೆಯ ಬಳ್ಳಿ ಹಬ್ಬುತ್ತಿತ್ತು. ಆ ಮೇಲೆ ಘಟಪ್ರಭೆ, ಕೃಷ್ಣೆಗಳ ನೀರು ಹೊಲಗಳಿಗೆ ಬಂತು. ಚಿಕ್ಕಪಡಸಲಗಿಯಲ್ಲಿ ಒಕ್ಕಲಿಗರೇ ಹಣವನ್ನೂ ಶ್ರಮವನ್ನೂ ಕೂಡಿಸಿ 1989ರಲ್ಲಿ ಕೃಷ್ಣೆಗೆ ಬಾಂದಾರ ಕಟ್ಟಿದ್ದು ಈ ನಾಡಿಗೇ ಭೂಷಣವಾದ ಕಾರ್ಯವು. ನೀರಿನ ಹಿಂದೆಯೇ ಕಬ್ಬು ಬಂತು, ಕಬ್ಬಿನ ಹಿಂದೆ ಕಾರಖಾನೆಗಳು ಬಂದವು. ಇದರಿಂದ ಮನೆಗಳು ಮಾಳಿಗೆಯಾದವು, ಮಕ್ಕಳು ಓದಿದರು. ಇದನ್ನು ಅಲ್ಲಗಳೆಯುವವನು ಒಕ್ಕಲಿಗರ ಹಿತೈಷಿಯಲ್ಲ. ಆದರೆ ಹನ್ನೆರಡು ತಿಂಗಳು ನಿಲ್ಲುವ ಬೆಳೆಯು, ಅದರ ಮೇಲೆ ಕುಳೆ, ಹೀಗೆ ಮೂರು ನಾಲ್ಕು ವರ್ಷ ಒಂದೇ ಹೊಲದಲ್ಲಿ ನಿಂತಾಗ ಅಕ್ಕಡಿಗೆ ಸ್ಥಳವೆಲ್ಲಿ? ಕಳೆನಾಶಕದ ನೀರು ಬಿದ್ದ ಹೊಲದಲ್ಲಿ ಹಕ್ಕರಕಿ ಹುಟ್ಟುವದೆಲ್ಲಿ?

ಈ ಸಂಬಂಧದಲ್ಲಿ ಜಪಾನ ದೇಶದ ಒಕ್ಕಲಿಗರ ಒಂದು ಪದ್ಧತಿಯು ನೋಡತಕ್ಕದ್ದಾಗಿದೆ. ಅಲ್ಲಿಯೂ ಶರದೃತುವೇ ಸುಗ್ಗಿಯ ಕಾಲ. ಭತ್ತದ ಕೊಯಿಲಿನ ಹೊತ್ತಿಗೆ ಕಾಕಿ ಎಂಬ ಹಳದಿಗೆಂಪಿನ ಹಣ್ಣೂ, ನಾಶಿ ಎಂಬ ಮರಸೇಬಿನ ಜಾತಿಯೂ ಪಕ್ವಕ್ಕೆ ಬರುತ್ತವೆ; ಅದೇ ಹೊತ್ತಿಗೆ ಅಣಬೆಗಳ ಸುಗ್ಗಿಯೂ ಆಗುತ್ತದೆ. ಇವೆರಡನ್ನೂ ಕೂಡಿಸಿ ಅವರು ಒಂದು ಬಗೆಯ ಪಚಡಿಯನ್ನು ಮಾಡುವರು. ಸೋಯಾ ಕಾಳಿನ ಹಾಲನ್ನು ಒಡೆಯಿಸಿ ಗಟ್ಟಿಮಾಡಿದ ತೋಫುವಿನ ನೀರನ್ನು ಹಿಂಡಿ ತೆಗೆದು, ಹುರಿದ ಎಳ್ಳಿನ ಸಂಗಡ ಒರಳಲ್ಲಿ ಅರೆದು, ಬೇಯಿಸಿದ ಅಣಬೆಗೂ ಹೋಳುಮಾಡಿದ ಹಣ್ಣಿಗೂ ಕಲಸುವದೇ ಅದರ ರೀತಿ. ಶಿರಾ-ಆಯೆ ಎಂಬುದು ಅದರ ಹೆಸರು. ಹೆಸರು ದೂರದ್ದು, ರುಚಿಯು ಮಾತ್ರ ಎಳ್ಳು, ಶೇಂಗಾ, ಗುರೆಳ್ಳುಗಳ ಹಿಂಡಿಯನ್ನು ಉಂಡು ಬೆಳೆದ ನಾಲಿಗೆಗೆ ಹೊಸದೆನಿಸದು. ಜಪಾನೀಯರು ಬಳಸುವ ಎಳ್ಳು ಬಹುತೇಕವಾಗಿ ಹೊರದೇಶಗಳಿಂದಲೇ ಬರತಕ್ಕದ್ದು. ಈ ಸೀಮೆಯಲ್ಲಾದರೋ ಎಳ್ಳು ಮನೆಯ ಬೆಳೆ.

ಇನ್ನೊಂದು ಮಾತು. ಜಪಾನದ ಒಕ್ಕಲಿಗನು ಹಿತ್ತಲಿನ ಕಾಕೀ ಮರದ ಹಣ್ಣುಗಳನ್ನೆಲ್ಲ ಇಳಿಸುವಾಗ ತುದಿಯಲ್ಲಿ ಒಂದೆರಡು ಹಣ್ಣುಗಳನ್ನು ಬೇಕೆಂದೇ ಬಿಡುವನು. ಮುಂದಿನ ವರ್ಷ ಮರವು ಚೆನ್ನಾಗಿ ಫಲಿಸಲೆಂದೂ ಪಕ್ಷಿಗಳಿಗೆ ಪಾಲಿರಲೆಂದೂ ಹೀಗೆ ಮಾಡುವರಂತೆ. ಚರಗ ಚೆಲ್ಲುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದದ್ದಿಲ್ಲ.

ಜಪಾನದಲ್ಲಿ ಎಲ್ಲವೂ ಸರಿಯಾಗಿದೆಯೆಂದು ಮಾತ್ರ ಯಾರೂ ತಿಳಿಯಬಾರದು. ಮಾತ್ಸುತಾಕೆ ಎಂಬ ಕಾಡಿನ ಅಣಬೆಯು 1941ರಲ್ಲಿ ಅಲ್ಲಿ ಸುಮಾರು 12,000 ಟನ್ನು ದೊರೆತಿತ್ತು. ಈಗ ನೂರು ಟನ್ನು ದೊರೆಯುವದೂ ಕಷ್ಟ. ಹಿಂದೆ ಹಳ್ಳಿಗರು ಉರುವಲಿಗೂ ಗೊಬ್ಬರಕ್ಕೂ ದೇವದಾರು ಜಾತಿಯ ಮರಗಳ ಕೆಳಗಿನ ತರಗನ್ನು ಬಳಿದು ಒಯ್ಯುತ್ತಿದ್ದರು. ಆ ಬೋಳು ನೆಲದಲ್ಲಿಯೇ ಈ ಅಣಬೆಯು ಏಳತಕ್ಕದ್ದು. ಗ್ಯಾಸೂ ಚೀಲದ ಗೊಬ್ಬರವೂ ಬಂದ ಮೇಲೆ ತರಗು ಬಳಿಯುವವರಿಲ್ಲವಾದರು, ಮರಗಳಿಗೆ ರೋಗವೂ ಬಿತ್ತು, ಅಣಬೆಯು ಹೋಯಿತು. ಒಕ್ಕಲುತನದಲ್ಲಿ ಒಂದು ಸಣ್ಣ ಕೆಲಸವನ್ನು ಬಿಟ್ಟರೆ ಊಟದ ಎಡೆಯಲ್ಲಿ ಯಾವ ಪದಾರ್ಥವು ಮಾಯವಾಗುವದೋ ಮೊದಲೇ ತಿಳಿಯುವದಿಲ್ಲ.

ಈ ನಾಲ್ಕು ತಾಲೂಕುಗಳಲ್ಲಿ ಅಣಬೆಯ ಬಳಕೆ ಕಡಿಮೆ. ಮಲೆನಾಡಿನವರು ಹುತ್ತದ ಅಣಬೆಯನ್ನು ಹಬ್ಬದಂತೆ ಉಣ್ಣುವರು. ಬಯಲುಸೀಮೆಯಲ್ಲಿ ಅದಕ್ಕೆ ನಾಯಿಕೊಡೆ ಎಂಬ ತಿರಸ್ಕಾರದ ಹೆಸರುಂಟು. ಈ ತಿರಸ್ಕಾರವೆಲ್ಲ ಮೌಢ್ಯವೆಂದು ಹೇಳುವದು ಸರಿಯಲ್ಲ, ಏತಕ್ಕೆಂದರೆ ಅದರಲ್ಲಿ ಪ್ರಾಣ ಉಳಿಸಿದ ಜಾಣತನವೂ ಇದೆ. ಹೊಲದಲ್ಲಿ, ತಿಪ್ಪೆಯಲ್ಲಿ, ಬದುವಿನಲ್ಲಿ ತಾನಾಗಿ ಎದ್ದ ಅಣಬೆಯನ್ನು ಯಾರೂ ಯಾವ ಕಾರಣಕ್ಕೂ ಅಡಿಗೆಗೆ ತರಕೂಡದು. ಬೆಳ್ಳಿಯ ನಾಣ್ಯ ಹಾಕಿ ನೋಡುವದು, ಹುಳ ತಿಂದಿದ್ದರೆ ವಿಷವಿಲ್ಲವೆನ್ನುವದು, ಬೆಳ್ಳಗಿದ್ದರೆ ಒಳ್ಳೆಯದೆನ್ನುವದು, ಇವೆಲ್ಲ ಸುಳ್ಳು ಪರೀಕ್ಷೆಗಳು. ಕೆಲವು ಅಣಬೆಗಳ ವಿಷವು ಕುದಿಸಿದರೂ ಹೋಗದು. ಅದರ ಲಕ್ಷಣಗಳು ಉಂಡು ಆರು ತಾಸಿನಿಂದ ಹನ್ನೆರಡು ತಾಸು, ಕೆಲವೊಮ್ಮೆ ಇನ್ನೂ ತಡವಾಗಿ ತೋರುವವು. ವಾಂತಿಭೇದಿಯು ಒಂದು ದಿನ ನಿಂತು ಗುಣವಾದಂತೆ ಕಂಡು, ಆ ಬಳಿಕ ಯಕೃತ್ತು ಕೆಡುವದು. ಅಂಥ ಸಂಶಯ ಬಂದೊಡನೆ ರೋಗಿಯನ್ನು, ಉಳಿದ ಅಣಬೆಯ ತುಣುಕಿನ ಸಮೇತ, ದವಾಖಾನೆಗೆ ಒಯ್ಯತಕ್ಕದ್ದು. ಊರ ಗೌಡರೂ ಹಿರಿಯರೂ ಮಳೆಗಾಲದಲ್ಲಿ ಕೂಲಿಯವರ ಬಿಡಾರಗಳಲ್ಲಿ ಈ ಮಾತನ್ನು ತಾವಾಗಿಯೇ ತಿಳಿಸಿದರೆ ಬಹಳ ಉಪಕಾರವಾಗುವದು. ಹೊರಗಿನಿಂದ ಬಂದವರು ತಮ್ಮೂರ ಅಣಬೆಯೆಂದು ತಿಳಿದು ಬೇರೆಯದನ್ನು ಕೀಳುವ ಸಂಭವವೇ ಹೆಚ್ಚು.

ಬೀಜ ಹಾಕಿ ಮನೆಯೊಳಗೆ ಬೆಳೆದ ಅಣಬೆಯ ಮಾತೇ ಬೇರೆ. ಅದರಲ್ಲಿ ಈ ಸೀಮೆಗೆ ಒಪ್ಪುವದು ಚಿಪ್ಪಣಬೆ. ಜಪಾನೀಯರು ಇದನ್ನೇ ಹಿರಾತಾಕೆ ಎಂದು ಕರೆದು ಹಿಂದಿನಿಂದಲೂ ಉಣ್ಣುತ್ತ ಬಂದಿರುವರು. ಇದಕ್ಕೆ 20ರಿಂದ 30 ಅಂಶ ಸೆಲ್ಸಿಯಸ್ ಉಷ್ಣತೆಯೂ, ಗಾಳಿಯಲ್ಲಿ ನೂರಕ್ಕೆ 80ರಷ್ಟು ಪಸೆಯೂ ಬೇಕು. ಆದಕಾರಣ ಇಲ್ಲಿ ಭಾದ್ರಪದದಿಂದ ಮಾಘದ ವರೆಗೆ ಇದರ ಕಾಲ. ಫಾಲ್ಗುಣ ದಾಟಿದ ಮೇಲೆ ಬಿಸಿಲಿನೊಂದಿಗೆ ಹಟ ಮಾಡಬಾರದು. ಭತ್ತದ ಹುಲ್ಲು ಈ ಸೀಮೆಯಲ್ಲಿ ವಿರಳ, ಜೋಳದ ಕಣಿಕೆಯು ದನಗಳ ಬಾಯಿಗೆ ಬೇಕು. ಯಾರ ಬಾಯಿಂದಲೂ ಕಸಿಯದೆ ದೊರೆಯುವ ಪದಾರ್ಥವೆಂದರೆ ಕಬ್ಬಿನ ರವದಿಯೊಂದೇ.

ರವದಿಯ ವಿಷಯಕ್ಕೆ ಬಂದರೆ ದುಃಖವಾಗುವದು. ಎಕರೆಗೆ ಸುಮಾರು 3-4 ಟನ್ನು ಒಣ ರವದಿಯು ಕಟಾವಿನ ನಂತರ ಹೊಲದಲ್ಲಿ ಬೀಳುವದು. ಕಾರಖಾನೆಗಳು ನುರಿಸುತ್ತಿರುವ ತಿಂಗಳುಗಳಲ್ಲಿ ರಾತ್ರಿ ಕೃಷ್ಣೆಯ ದಂಡೆಯ ಮೇಲೆ ನಿಂತು ನೋಡಿದರೆ ನಾಲ್ಕೂ ದಿಕ್ಕಿಗೆ ಬೆಂಕಿಯ ಗೆರೆಗಳು. ಒಂದು ಕಡ್ಡಿಯಿಂದ ಆ ರವದಿಯ ಸಾರಜನಕವು ಬಹುತೇಕ ಹೊಗೆಯಾಗಿ ಹೋಗುವದು. ಮೇಲ್ಮಣ್ಣಿನ ಜೀವಿಗಳು ಸುಡುವವು. ಬದುವಿನ ಬೇವು ಬನ್ನಿಗಳೂ ಕೆಲವೊಮ್ಮೆ ಬೇಯುವವು. ಮರುವಾರವೇ ಅದೇ ಒಕ್ಕಲಿಗನು ಅಂಗಡಿಯಿಂದ ಯೂರಿಯಾದ ಚೀಲವನ್ನು ಹೊತ್ತು ತರುವನು. ಹೊಲ ಬೇಗ ಸ್ವಚ್ಛವಾಗಬೇಕು, ಕುಳೆಗೆ ನೀರು ಸರಾಗ ಹರಿಯಬೇಕು, ಆಳು ಸಿಗುವದಿಲ್ಲ ಎಂಬ ಅವನ ಅಡಚಣೆಗಳು ನಿಜವಾದವೇ. ಸಾಲು ಬಿಟ್ಟು ಸಾಲಿಗೆ ರವದಿಯನ್ನು ಸರಿಸಿ, ಖಾಲಿ ಸಾಲಿನಲ್ಲಿ ನೀರು ಹಾಯಿಸಿ, ರವದಿಯ ಮೇಲೆ ಸ್ವಲ್ಪ ಯೂರಿಯಾ ಹಾಗೂ ಸಗಣಿಯ ಬಗ್ಗಡ ಚಿಮುಕಿಸಿ ಕೊಳೆಯಗೊಟ್ಟವರ ಹೊಲಗಳಲ್ಲಿ ನೀರಿನ ಸರದಿ ತಡವಾದರೂ ಹಸಿ ಆರದೆ ನಿಲ್ಲುವದನ್ನು ನೆರೆಯವರು ಹೋಗಿ ನೋಡಬಹುದು.

ಅಣಬೆಯಿಂದ ಈ ರವದಿಯೆಲ್ಲ ತೀರುವದೆಂದು ಯಾರೂ ಎಣಿಸಬಾರದು. ಒಂದು ಮನೆಗೆ ಹತ್ತು ಕಿಲೊ ರವದಿ ಸಾಕು. ಅದು ಸಮುದ್ರದೊಳಗಿನ ಚರಿಗೆ ನೀರು. ಆದರೆ ಹತ್ತು ಕಿಲೊ ರವದಿಯಿಂದ ಮನೆಗೆ ಊಟ ಬರುವದೆಂದು ಒಮ್ಮೆ ಕಂಡ ಹೆಣ್ಣುಮಕ್ಕಳು, ಉಳಿದದ್ದಕ್ಕೆ ಗಂಡಸರು ಬೆಂಕಿ ಹಚ್ಚುವಾಗ ಸುಮ್ಮನಿರಲಾರರು. ಇಲಾಖೆಯ ಭಿತ್ತಿಪತ್ರಗಳಿಗಿಂತ ಆ ಒಂದು ಮಾತಿಗೆ ಬಲ ಹೆಚ್ಚು.

ಕ್ರಮವು ಇಂತಿದೆ. ಹಿಂದಿನ ಕಟಾವಿನ ಒಣ ರವದಿಯನ್ನು ಮಳೆ ತಾಗದಂತೆ ಒಂದು ಹೊರೆ ಎತ್ತಿಟ್ಟಿರಬೇಕು, ಏತಕ್ಕೆಂದರೆ ಹೊಸ ಕಟಾವು ಆರಂಭವಾಗುವದಕ್ಕಿಂತ ಮುಂಚೆಯೇ ಸೀಗೀ ಹುಣ್ಣಿವೆ ಬಂದಿರುವದು. ಬೂಷ್ಟು ಹಿಡಿದ ರವದಿ ಕೆಲಸಕ್ಕೆ ಬಾರದು. ರವದಿಯ ಅಂಚು ಹರಿತವಾದದ್ದು, ಎಸಳು ಗಡಸು; ಆದ್ದರಿಂದ ಎರಡು ಅಂಗುಲದ ತುಂಡುಗಳಾಗಿ ಕತ್ತರಿಸಿ, ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಮರುದಿನ ಹಂಡೆಯ ಬಿಸಿನೀರಿನಲ್ಲಿ 80 ಅಂಶಕ್ಕೆ ಕಡಿಮೆಯಾಗದಂತೆ ಒಂದರಿಂದ ಎರಡು ತಾಸು ಇಡಬೇಕು. ಔಷಧದ ನೀರಿನಲ್ಲಿ ಅದ್ದುವ ಪದ್ಧತಿಯೂ ಉಂಟು. ಮನೆಯ ಊಟಕ್ಕೆ ಬಿಸಿನೀರೇ ಲೇಸು. ಬಳಿಕ ನೀರು ಬಸಿದು, ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳದೆ ಅಂಗೈ ಮಾತ್ರ ಪಸೆಯಾಗುವಷ್ಟು ಆರಗೊಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಅಂಗುಲ ರವದಿ, ಅದರ ಮೇಲೆ ಒಂದು ಪದರು ಅಣಬೆಯ ಬೀಜ, ಹೀಗೆ ತುಂಬುತ್ತ ಬಂದು ಬಾಯಿ ಕಟ್ಟಬೇಕು. ಹಸಿಯ ತೂಕದಲ್ಲಿ ನೂರಕ್ಕೆ ಮೂರರಷ್ಟು ಬೀಜ ಸಾಕು. ಚೀಲಕ್ಕೆ ಅಲ್ಲಲ್ಲಿ ಸಣ್ಣ ತೂತುಗಳನ್ನು ಮಾಡಿ ಕತ್ತಲೆಯ ಕೋಣೆಯಲ್ಲಿ ಹದಿನೈದರಿಂದ ಇಪ್ಪತ್ತು ದಿನ ಇಟ್ಟರೆ ಒಳಗೆಲ್ಲ ಬೆಳ್ಳಗೆ ಅರಳೆಯಂತೆ ಹಬ್ಬುವದು. ಹಸಿರು ಇಲ್ಲವೆ ಕಪ್ಪು ಕಲೆ ಕಂಡ ಚೀಲವನ್ನು ಹೊರಗೊಯ್ದು ತಿಪ್ಪೆಗೆ ಹಾಕತಕ್ಕದ್ದು; ಅದರ ಮೇಲೆ ಮಮತೆ ಕೂಡದು. ಬೆಳ್ಳಗಾದ ಚೀಲಗಳನ್ನು ಬಿಚ್ಚಿ, ತುಸು ಬೆಳಕೂ ಗಾಳಿಯೂ ಬರುವಲ್ಲಿ ತೂಗುಹಾಕಿ, ಸುತ್ತಲೂ ಗೋಣಿತಟ್ಟು ಕಟ್ಟಿ ದಿನಕ್ಕೆ ಎರಡು ಮೂರು ಸಾರೆ ನೀರು ಸಿಂಪಡಿಸುತ್ತಿದ್ದರೆ ವಾರದೊಳಗೆ ಅಣಬೆಗಳು ಗೊಂಚಲುಗಳಾಗಿ ಹೊರಬೀಳುವವು. ಅಂಚುಗಳು ಮೇಲಕ್ಕೆ ಸುರುಳಿಯಾಗುವ ಮುಂಚೆಯೇ ತಿರುವಿ ಕೀಳಬೇಕು. ಒಂದು ಚೀಲವು ಮೂರು ಸಾರೆ ಫಸಲು ಕೊಡುವದು. ಒಂದು ಕಿಲೊ ಒಣ ರವದಿಗೆ ಅರ್ಧ ಕಿಲೊ ಹಸಿ ಅಣಬೆ ಬಂದರೆ ಚೊಚ್ಚಲು ಪ್ರಯತ್ನಕ್ಕೆ ಸಂತೋಷಪಡತಕ್ಕದ್ದು. ತೀರಿದ ಚೀಲದ ಪದಾರ್ಥವು ಎರೆಹುಳುವಿನ ಗೊಬ್ಬರಕ್ಕೆ ಬಹಳ ಒಳ್ಳೆಯದು.

ಲೆಕ್ಕ ಹಾಕಿದರೆ ಅನಂತನ ಹುಣ್ಣಿವೆಗೆ ತುಂಬಿದ ಚೀಲವು ಸೀಗೀ ಹುಣ್ಣಿವೆಗೆ ಕೊಯಿಲಿಗೆ ಬರುವದು. ಹುಣ್ಣಿವೆಯಿಂದ ಹುಣ್ಣಿವೆಗೆ ಒಂದು ಬೆಳೆ; ನೆನಪಿಡಲು ಪಂಚಾಂಗವೂ ಬೇಡ.

ಚೀಲಗಳನ್ನು ಮಲಗುವ ಕೋಣೆಯಲ್ಲಿ ಇಡಬಾರದು. ಬಲಿತ ಅಣಬೆಯಿಂದ ಉದುರುವ ಧೂಳು ಉಬ್ಬಸದವರಿಗೆ ಆಗದು. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ತಂಪಾದ ಮಣ್ಣಿನ ಕೋಣೆಗಳುಂಟು, ಹೊಲವಿಲ್ಲ. ಜಮೀನುದಾರರ ಹತ್ತಿರ ರವದಿಯುಂಟು, ಅದನ್ನು ನೋಡಿಕೊಳ್ಳುವ ವೇಳೆಯಿಲ್ಲ. ಒಬ್ಬರು ರವದಿಯನ್ನೂ ಬೀಜದ ಹಣವನ್ನೂ ಕೊಟ್ಟು ಇನ್ನೊಬ್ಬರು ಕೋಣೆಯನ್ನೂ ಕೈಕೆಲಸವನ್ನೂ ಕೊಟ್ಟರೆ ಫಸಲನ್ನು ಸಮಪಾಲು ಮಾಡಿಕೊಳ್ಳುವದು ಕಷ್ಟವಲ್ಲ. ಮಗ್ಗ ನಡೆಯುವ ಕೋಣೆ ಮಾತ್ರ ಬೇಡ. ಪಸೆಯಿಂದ ನೂಲು ಕೆಡುವದು. ಆಲಮಟ್ಟಿಯ ಹಿನ್ನೀರಿಗೆ ಹೊಲ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಬೀಳಗಿಯ ಕುಟುಂಬಗಳಿಗೂ ಇದು ಹಿತ್ತಲಷ್ಟೇ ಸ್ಥಳದಲ್ಲಿ ಸಾಧ್ಯವಾದ ಕೆಲಸ. ಮೊದಲ ವರ್ಷವೇ ಮಾರಾಟದ ಆಸೆ ಹಿಡಿಯುವದು ಸಲ್ಲದು. ಹಸಿ ಅಣಬೆಯು ಒಂದೆರಡು ದಿನಕ್ಕೆ ಬಾಡುವದು, ಸುತ್ತಣ ಪೇಟೆಗಳಲ್ಲಿ ಕೊಳ್ಳುವವರು ಇನ್ನೂ ಕಡಿಮೆ. ಬೀಜ ಮಾರಿ, ಬೆಳೆದದ್ದನ್ನೆಲ್ಲ ತಾವೇ ಕೊಳ್ಳುವೆವೆಂದು ಬಾಯಿಮಾತು ಕೊಡುವವರು ಬಂದಲ್ಲಿ ಹಿರಿಯರು ಎಚ್ಚರಿಕೆಯಿಂದ ವಿಚಾರಿಸಬೇಕು.

ಇನ್ನು ಪಚಡಿ. ಆರು ಜನರಿಗೆ ಕಾಲು ಕಿಲೊ ಚಿಪ್ಪಣಬೆಯನ್ನು ತೊಳೆದು, ಎಳೆಗಳ ಉದ್ದಕ್ಕೆ ಕೈಯಿಂದ ಸೀಳಿ, ಎಣ್ಣೆಯಿಲ್ಲದೆ ಕಬ್ಬಿಣದ ಹಂಚಿನ ಮೇಲೆ ಹಾಕಬೇಕು. ಅದು ಮೊದಲು ನೀರು ಬಿಡುವದು. ಆ ನೀರು ಪೂರಾ ಆರಿ, ಅಂಚು ಕೆಂಪಾಗುವ ವರೆಗೆ ಹುರಿಯತಕ್ಕದ್ದು. ಅಣಬೆಯನ್ನು ಹಸಿಯಾಗಿ ತಿನ್ನಬಾರದು. ಕಾಕೀ ಹಣ್ಣಿನ ಸ್ಥಳದಲ್ಲಿ ಎರಡು ದೋರೆ ಪೇರಲ ಹಣ್ಣುಗಳನ್ನು ಹೋಳುಮಾಡಬೇಕು. ಪೂರ್ತಿ ಮೆತ್ತಗಾದದ್ದು ಸಲ್ಲದು. ಒಂದು ದಾಳಿಂಬದ ಕಾಳು, ಒಂದು ಎಳೆಯ ಸವತೆಕಾಯಿ, ಒಂದು ಹಿಡಿ ಮೆಂತ್ಯೆಯ ಎಲೆ. ತೋಫುವಿನ ಬದಲಿಗೆ ಅರಿವೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು ಒಂದು ಬಟ್ಟಲು. ನಾಲ್ಕು ಚಮಚ ಬಿಳಿ ಎಳ್ಳನ್ನು ಚಟಪಟ ಎನ್ನುವ ವರೆಗೆ ಹುರಿದು ಆಗಲೇ ಕುಟ್ಟಿ, ಉಪ್ಪು, ಚೂರು ಬೆಲ್ಲ, ಒಂದು ಹೋಳು ಲಿಂಬೆಯ ರಸ ಕೂಡಿಸಿ ಮೊಸರಿನಲ್ಲಿ ಕಲಸಬೇಕು. ಇಲ್ಲಿ ಗುರೆಳ್ಳು ಒಪ್ಪದು, ಅದರ ಕಹಿಯು ಹಣ್ಣನ್ನು ಕೆಡಿಸುವದು. ಗುರೆಳ್ಳಿಗೆ ಮೂಲಂಗಿಯೇ ಜೊತೆ. ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಹೊಲಕ್ಕೆ ಒಯ್ದು ಎಲೆಯ ಮುಂದೆ ಕುಳಿತಾಗಲೇ ಕಲಸತಕ್ಕದ್ದು. ಜಪಾನೀಯರೂ ಹೀಗೆಯೇ ಮಾಡುವರು. ಮೊದಲೇ ಕಲಸಿದರೆ ಉಪ್ಪು ನೀರೆಳೆದು ಪಚಡಿಯು ಸಾರಾಗುವದು. ಅಣಬೆಯು ನಿಯಮಕ್ಕೆ ಬಾರದವರು ಅದನ್ನು ಬಿಟ್ಟು ಮಾಡಿದರೂ ಪಚಡಿಗೆ ಕುಂದಿಲ್ಲ.

ಗುಣದ ವಿಷಯದಲ್ಲಿ ಅತಿಶಯೋಕ್ತಿ ಬೇಡ. ಹಸಿ ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಭಾಗ ನೀರೇ. ಅದು ಬೇಳೆಯ ಬದಲಾಗದು. ಆದರೆ ಪೇರಲದಲ್ಲಿ ನೂರು ಗ್ರಾಮಿಗೆ ಸುಮಾರು 200 ಮಿಲಿಗ್ರಾಮು ಸಿ ಜೀವಸತ್ವವುಂಟು. ಅದು ಸೊಪ್ಪಿನ ಹಾಗೂ ರೊಟ್ಟಿಯ ಕಬ್ಬಿಣಾಂಶವನ್ನು ಮೈಗೆ ಹತ್ತಿಸುವದು. ರಕ್ತ ಕಡಿಮೆಯಾದ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಗುಳಿಗೆಯ ಜೊತೆಗೆ ಇಂಥ ಊಟವೂ ಇದ್ದರೆ ಲೇಸು.

ಇದೆಲ್ಲಕ್ಕೂ ಬುಡವೆಂದರೆ ಎರಡು ಗುಂಟೆ ಭೂಮಿ. ಎಕರೆಗೆ ನಲವತ್ತು ಟನ್ನು ಕಬ್ಬು ಬೆಳೆಯುವವನಿಗೆ ಎರಡು ಗುಂಟೆಯೆಂದರೆ ಎರಡು ಟನ್ನು ಕಬ್ಬು. ಆ ಹಣವನ್ನು ಒಂದು ಕಡೆ ಬರೆದು, ಮನೆಯವರು ವರ್ಷವಿಡೀ ಕಾಯಿಪಲ್ಯಕ್ಕೆ ಕೊಟ್ಟ ಹಣವನ್ನು ಇನ್ನೊಂದು ಕಡೆ ಬರೆದು ನೋಡಿದರೆ ಭೂಮಾಲಕರೇ ತೀರ್ಪು ಕೊಡುವರು. ಬಾವಿಯ ಮಗ್ಗುಲ ಎರಡು ಗುಂಟೆಯಲ್ಲಿ ಎರಡು ಪೇರಲ, ಒಂದು ಲಿಂಬೆ, ನಾಲ್ಕು ದಾಳಿಂಬ, ಉಳಿದುದಕ್ಕೆ ಹದಿನೈದು ದಿನಕ್ಕೊಂದು ಮಡಿಯಂತೆ ಮೆಂತ್ಯೆ, ಮೂಲಂಗಿ, ಕೊತ್ತಂಬರಿ. ಈ ತುಂಡಿಗೆ ಕಬ್ಬಿನ ಕಳೆನಾಶಕದ ಹನಿಯೂ ತಾಗಬಾರದು, ಅದೇ ಸಿಂಪರಣೆಯ ಡಬ್ಬಿಯನ್ನೂ ಬಳಸಬಾರದು. ಹೊಸ ಕಬ್ಬಿನ ಸಾಲುಗಳ ನಡುವೆ ಮೊದಲ ಮೂರು ತಿಂಗಳು ಮೆಂತ್ಯೆ, ಉಳ್ಳಾಗಡ್ಡಿ ಬೆಳೆಯಲು ಬರುವದು. ಅಟ್ರಾಜಿನ್ ಸಿಂಪಡಿಸಿದಲ್ಲಿ ಅದು ಸಾಧ್ಯವಿಲ್ಲ. ಹಕ್ಕರಕಿಗಂತೂ ಬೀಜ ಬಿತ್ತುವವರಿಲ್ಲ. ಜೋಳದ ಒಂದು ಪಟ್ಟಿಯನ್ನು ಔಷಧವಿಲ್ಲದೆ ಬಿಟ್ಟರೆ ಅದೇ ಹುಡುಕಿಕೊಂಡು ಬರುವದು.

ಅಣಬೆಯ ಬೀಜವು ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ದೊರೆಯುವದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿಯೂ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದಲ್ಲಿಯೂ ಮೊದಲು ವಿಚಾರಿಸುವದು ಹತ್ತಿರದ ದಾರಿ. ಬೀಜವು ಹೆಚ್ಚು ದಿನ ತಾಳದಾದ್ದರಿಂದ ಶ್ರಾವಣದಲ್ಲಿಯೇ ಬೇಡಿಕೆ ತಿಳಿಸಿ, ಅನಂತನ ಹುಣ್ಣಿವೆಯ ಎರಡು ಮೂರು ದಿನ ಮೊದಲು ಕೈಸೇರುವಂತೆ ತರಿಸಿಕೊಳ್ಳತಕ್ಕದ್ದು. ರವದಿಯ ಹೊರೆಯನ್ನು ಮಾತ್ರ ಈ ಹಂಗಾಮಿನಲ್ಲಿಯೇ, ಹೊಲಕ್ಕೆ ಬೆಂಕಿ ಬೀಳುವ ಮುಂಚೆ, ಎತ್ತಿಡಬೇಕು.